ಜೋಳದ ಬಿಯರಿಗೆ ಒಂದು ಅಂಕ

ಬೊಮ್ಮನಹಳ್ಳಿಯ ಶ್ಯಾಮಸುಂದರರಿಗೆ ಎಪ್ಪತ್ತನಾಲ್ಕು ವರ್ಷ. ಯಾರಾದರೂ ಅಂದಾಜಿನ ಮೇಲೆ ಎಪ್ಪತ್ತೈದು ಎಂದುಬಿಟ್ಟರೆ ಅವರನ್ನು ಅಲ್ಲಿಯೇ ತಡೆದು ನಿಲ್ಲಿಸಿ, ತಾವು ಹುಟ್ಟಿದ ತಾರೀಖನ್ನೂ ಈವರೆಗೆ ಪೂರ್ಣಗೊಂಡಿರುವ ತಿಂಗಳುಗಳನ್ನೂ ತಿಳಿಸಿದ ಮೇಲೆಯೇ ಮುಂದಿನ ಮಾತು. ಇದಕ್ಕೆ ವಯಸ್ಸಿನ ಬಗೆಗಿನ ಬಿಗುಮಾನ ಕಾರಣವಲ್ಲ. ಪೀಣ್ಯದಲ್ಲಿದ್ದ ಸರ್ಕಾರಿ ಸ್ವಾಮ್ಯದ ಯಂತ್ರೋಪಕರಣ ಕಾರ್ಖಾನೆಯೊಂದರ ಪರಿಶೀಲನಾ ವಿಭಾಗದಲ್ಲಿ ಮೂವತ್ತಾರು ವರ್ಷ ದುಡಿದು, ಮಿಲಿಮೀಟರಿನ ನೂರನೆಯ ಒಂದು ಭಾಗದ ವ್ಯತ್ಯಾಸಕ್ಕೆ ಲಾರಿಗಟ್ಟಲೆ ಮಾಲನ್ನು ಹಿಂದಕ್ಕೆ ಕಳುಹಿಸಿದ ಮನುಷ್ಯನಿಗೆ 'ಸುಮಾರು' ಎಂಬ ಪದವೇ ಒಂದು ಅವಮಾನ.

ನಿವೃತ್ತಿಯಾಗಿ ಹದಿನಾಲ್ಕು ವರ್ಷಗಳಾದವು. ಕಾರ್ಖಾನೆಗೆ ಬೀಗ ಬಿದ್ದು ಒಂಬತ್ತು ವರ್ಷ. ಪರಿಶೀಲನೆ ಮಾತ್ರ ಒಂದು ದಿನವೂ ನಿಂತಿಲ್ಲ. ಬೆಳಗಿನ ಹಾಲಿನ ಪೊಟ್ಟಣ ತಕ್ಕಡಿ ಏರದೆ ಒಲೆ ಏರುವುದಿಲ್ಲ. ದರ್ಶಿನಿಯ ಮಾಲೀಕ ಅವರನ್ನು ಕಂಡೊಡನೆ ಚಟ್ನಿಯನ್ನು ಒಂದು ಸೌಟು ಹೆಚ್ಚಾಗಿಯೇ ಹಾಕಿಸುತ್ತಾನೆ; ಹೆಚ್ಚಾದದ್ದಕ್ಕೂ ಅವರು ತಕರಾರು ತೆಗೆದದ್ದುಂಟು.

"ನಿಮ್ಮನ್ನ ಕಟ್ಕೊಂಡಾಗಿಂದ ನಾನು ಕಣ್ಣಳತೇಲಿ ಉಪ್ಪು ಹಾಕಿದ್ದೇ ಇಲ್ಲ ಕಣ್ರೀ" ಎಂದು ಪತ್ನಿ ವೆಂಕಟಲಕ್ಷ್ಮಿ ಬಂದವರೆದುರಿಗೆ ಹೇಳುತ್ತಾರೆ. ಶ್ಯಾಮಸುಂದರರು ಅದನ್ನು ಪ್ರಶಂಸೆಯೆಂದೇ ಭಾವಿಸಿದ್ದಾರೆ.

ಆ ವಿಭಾಗದ ಒಂದು ಪದ್ಧತಿಯನ್ನು ಇಲ್ಲಿಯೇ ಸ್ಪಷ್ಟಪಡಿಸುವುದು ಒಳ್ಳೆಯದು. ಪರಿಶೀಲಕನ ಮೇಜಿಗೆ ಬಂದ ಪ್ರತಿಯೊಂದು ಬಿಡಿಭಾಗಕ್ಕೂ ಒಂದರಿಂದ ಐದರವರೆಗೆ ಅಂಕ. ಒಂದು ಎಂದರೆ ಕುಂದಿಲ್ಲದ ಮಾಲು, ನೇರವಾಗಿ ಜೋಡಣೆಗೆ. ಎರಡಕ್ಕೆ ಸಣ್ಣ ದೋಷ, ಮೂರಕ್ಕೆ ಮರುಕೆಲಸ, ನಾಲ್ಕಕ್ಕೆ ಮೇಲಧಿಕಾರಿಯ ಸಹಿ. ಐದು ಬಿದ್ದರೆ ಕೆಂಪು ಬಣ್ಣ ಬಳಿದ ಗುಜರಿ ಡಬ್ಬಿಯೇ ಗತಿ. ಮೂರೂವರೆ ದಶಕ ಇದನ್ನೇ ಉಂಡು ಉಟ್ಟವರಿಗೆ ಮನೆಯ ಮಾತೂ ಅದೇ ಆಗಿತ್ತು. ಮಗಳಿಗೆ ಬಂದ ವರ 'ಎರಡು', ಹೊಸದಾಗಿ ಬಂದ ಜನರಲ್ ಮ್ಯಾನೇಜರು 'ಐದು', ಆತನ ಕಾರಿನ ಚಾಲಕ 'ಒಂದು'. ಈ ಮಾತಿನ ಅರ್ಥವನ್ನು ಆ ಬಳಗದಲ್ಲಿ ಯಾರೂ ಯಾರಿಗೂ ವಿವರಿಸಬೇಕಾಗಿರಲಿಲ್ಲ.

ಬಳಗವೆಂದರೆ ನಿವೃತ್ತ ಪರಿಶೀಲಕರು ಒಂಬತ್ತು ಮಂದಿ. ಪ್ರತಿ ತಿಂಗಳ ಎರಡನೆಯ ಶನಿವಾರ ಒಂದು ಉದ್ಯಾನದ ಕಲ್ಲುಬೆಂಚಿನ ಮೇಲೆ ಸೇರಿ, ಪಿಂಚಣಿ ಕಚೇರಿಯಿಂದ ಹಿಡಿದು ಪಾದಚಾರಿ ಮಾರ್ಗದವರೆಗೆ ಎಲ್ಲಕ್ಕೂ ಐದು ಕೊಟ್ಟು ಮನೆಗೆ ಹೋಗುವುದು ವಾಡಿಕೆ. ಕಳೆದ ನವೆಂಬರಿನ ಸಭೆಗೆ ಎರಡು ದಿನ ಮೊದಲು ಅವರಲ್ಲೊಬ್ಬರಾದ ರಾಮಾಂಜಿನಪ್ಪನವರ ಫೋನು ಬಂತು. ಹೆಬ್ಬಗೋಡಿಯ ರಾಮಾಂಜಿನಪ್ಪನವರು ಕಾರ್ಖಾನೆಯಲ್ಲಿ ಶ್ಯಾಮಸುಂದರರ ಪಕ್ಕದ ಮೇಜಿನವರು. ಅವರ ರಾಗಿ ಹೊಲವಿದ್ದ ಜಾಗದಲ್ಲಿ ಈಗ 'ನೊರೆಮನೆ' ಎಂಬ ಬಿಯರ್ ತಯಾರಿಸಿ ಅಲ್ಲಿಯೇ ಬಡಿಸುವ ಪಬ್ಬು ಎದ್ದಿದೆ. ಕಟ್ಟಡದ ಬಾಡಿಗೆ ರಾಮಾಂಜಿನಪ್ಪನವರಿಗೆ ಸಲ್ಲುತ್ತದೆ.

"ಲೋ ಶ್ಯಾಮಣ್ಣ, ಈ ಸಲ ಪಾರ್ಕು ಬ್ಯಾಡ. ನಮ್ ಜಾಗದಾಗೆ ಬಿಯರ್ ಕಾಯ್ಸೋ ಪಬ್ಬು ಇಟ್ಟಿರೋ ಉಡುಗ ಅವ್ನಲ್ಲ, ಲಿಖಿತ್ತು, ಅವ್ನು ಐದು ತರ ಒಸ ಬಿಯರ್ ಮಾಡ್ಸವ್ನೆ. ರುಚಿ ನೋಡಿ ನಂಬರ್ ಆಕೋಕೆ ಜನ ಬೇಕಂತೆ. ನಮ್ ಗ್ಯಾಂಗಿಗಿಂತ ಬೇಕೇನಯ್ಯ?"

"ಕಾಯ್ಸೋದು ಅರ್ಧ ಕೆಲಸ ಕಣೋ ರಾಮಾಂಜಿ. ಹುದುಗಿಸೋದು ಮುಖ್ಯ."

"ಉದುಗ್ಸಲಿ, ಉರೀಲಿ, ನಿಂಗೇನು? ಬಿಟ್ಟಿ ಕುಡ್ಸ್ತಾನೆ. ಬತ್ತೀಯೋ ಇಲ್ವೋ?"

ಬಿಯರಿನ ವಿಷಯದಲ್ಲಿ ಶ್ಯಾಮಸುಂದರರು ಅಜ್ಞರಲ್ಲ. ೧೯೮೪ರಲ್ಲಿ ಅಳತೆಯ ಉಪಕರಣಗಳ ತರಬೇತಿಗೆಂದು ಕಾರ್ಖಾನೆ ಅವರನ್ನು ಆರು ತಿಂಗಳು ಜರ್ಮನಿಗೆ ಕಳುಹಿಸಿತ್ತು. ಅಲ್ಲಿನ ಬಿಯರ್ ಲೋಟದ ಮೈಮೇಲೆ ಅಳತೆಯ ಗೆರೆ ಇರುತ್ತದೆ. ಬಿಯರು ಗೆರೆಯವರೆಗೆ, ನೊರೆ ಗೆರೆಯಿಂದ ಮೇಲೆ. ಗಿರಾಕಿಗೆ ನೊರೆಯನ್ನು ಬಿಯರೆಂದು ಮಾರುವಂತಿಲ್ಲ. ಆ ಗೆರೆಯನ್ನು ಕಂಡಂದೇ ಅವರಿಗೆ ಆ ದೇಶದ ಮೇಲೆ ಗೌರವ ಹುಟ್ಟಿತು. ಮರಳಿದ ಮೇಲೆ ವರ್ಷಕ್ಕೆ ಎರಡು ಬಾಟಲಿ, ಏಪ್ರಿಲಿನಲ್ಲೊಂದು, ಮೇ ತಿಂಗಳಲ್ಲೊಂದು, ವೆಂಕಟಲಕ್ಷ್ಮಿಯವರ ಅರಿವಿನಲ್ಲಿಯೇ. ನವೆಂಬರಿನಲ್ಲಿ ಬಿಯರು ನಿಯಮಬಾಹಿರ. ಆದರೆ ಇದು ಕುಡಿತವಲ್ಲ, ಪರಿಶೀಲನೆ ಎಂದು ತೀರ್ಮಾನಿಸಿ, ಶನಿವಾರ ಬೆಳಿಗ್ಗೆ ಇಸ್ತ್ರಿಯ ಅಂಗಿ, ಹೊಳಪಿನ ಚರ್ಮದ ಬೂಟು ತೊಟ್ಟು, ಬೊಮ್ಮನಹಳ್ಳಿಯಲ್ಲಿ ಮೆಟ್ರೊ ಹತ್ತಿ ಒಂಬತ್ತನೆಯ ನಿಲ್ದಾಣವಾದ ಹೆಬ್ಬಗೋಡಿಯಲ್ಲಿ ಇಳಿದರು.

ನೊರೆಮನೆಯ ಒಳಗೆ ಒಂದು ಇಡೀ ಗೋಡೆ ಗಾಜಿನದು. ಅದರಾಚೆ ಮನುಷ್ಯನಿಗಿಂತ ಎತ್ತರದ ಉಕ್ಕಿನ ಟ್ಯಾಂಕುಗಳ ಸಾಲು. ರಬ್ಬರ್ ಬೂಟು ಹಾಕಿಕೊಂಡ ಇಪ್ಪತ್ತಾರರ ಒಬ್ಬ ಹೆಣ್ಣುಮಗಳು ಕೊಳವೆ ಹಿಡಿದು ನೆಲಕ್ಕೆ ನೀರು ಹಾಯಿಸುತ್ತಿದ್ದಳು. ಮಾಲೀಕ ಲಿಖಿತ್ ಮೂವತ್ತರ ಆಸುಪಾಸಿನವನು; ಅರ್ಧ ಚಡ್ಡಿಯಲ್ಲಿಯೇ ಬಂದು ಒಂಬತ್ತು ಹಿರಿಯರ ಕೈಕುಲುಕಿದ. ಪರಿಶೀಲನೆಯ ದಿನ ಅರ್ಧ ಚಡ್ಡಿ! ಶ್ಯಾಮಸುಂದರರು ಅದನ್ನು ಗಮನಿಸಿದರು, ಗಮನಿಸಿದ್ದನ್ನು ಮುಖದಲ್ಲಿ ತೋರಿಸಿದರು.

"ನಾಲ್ಕು ಬಿಯರ್ ಮಾಡಿದ್ದು ನಮ್ಮ ಹಳೇ ಬ್ರೂವರ್ ಅಂಕಲ್. ಅವರು ಹೋದ ವಾರ ಕೆಲಸ ಬಿಟ್ಟು ಗೋವಾಕ್ಕೆ ಹೋದ್ರು. ಐದನೇದು, ಜೋಳದ್ದು, ಮಹಾನಂದಾ ಮಾಡಿದ್ದು" ಎಂದು ಗಾಜಿನಾಚೆಗೆ ಕೈ ತೋರಿಸಿದ. "ಮೂರು ವರ್ಷದಿಂದ ಟ್ಯಾಂಕ್ ತೊಳೀತಾ ಇದ್ಲು. ನಂಗೂ ಒಂದು ಬಿಯರ್ ಮಾಡೋಕೆ ಬಿಡಿ ಅಂತ ಪ್ರಾಣ ತಿಂದ್ಲು. ಬಿಟ್ಟೆ. ಇವತ್ತು ಗೆದ್ದಿದ್ದು ವರ್ಷಪೂರ್ತಿ ನಮ್ಮ ಬಾರಿನ ನಲ್ಲೀಲಿ ಇರುತ್ತೆ. ಕೊನೇಲಿ ಬಂದಿದ್ದು ಈಗ್ಲೇ ಚರಂಡಿಗೆ. ಗೆದ್ದಿದ್ದನ್ನ ಮತ್ತೆ ಹುದುಗಿಸೋಕೆ ಆ ಟ್ಯಾಂಕ್ ಬೇಕು."

"ಆ ಮಗು ಗೆದ್ರೆ?" ಎಂದರು ರಾಮಾಂಜಿನಪ್ಪ.

"ಗೆದ್ರೆ ನಾಳೆಯಿಂದ ಅವಳೇ ಬ್ರೂವರ್."

ಮಹಾನಂದಾ ಬಾಗಿಲಿಗೆ ಬಂದು ನಿಂತಿದ್ದಳು. "ಇಲ್ಲಾಂದ್ರ ಮತ್ತ ಟ್ಯಾಂಕ್ ತೊಳಿಯೂದು ಐತಲ್ರಿ" ಎಂದು ನಕ್ಕಳು. ನಗು ಸಲೀಸಾಗಿಯೇ ಬಂತು. ಕೈಯಲ್ಲಿದ್ದ ಕೊಳವೆಯ ನೀರು ಮಾತ್ರ ಆಗಲೇ ತೊಳೆದ ಜಾಗದ ಮೇಲೆಯೇ ಮತ್ತೆ ಬೀಳುತ್ತಿತ್ತು.

ಅವಳು ಸಿಂದಗಿ ತಾಲ್ಲೂಕಿನವಳು. ಅಪ್ಪ-ಅವ್ವ ಗಾರೆ ಕೆಲಸಕ್ಕೆ ಬಂದು ಎಲೆಕ್ಟ್ರಾನಿಕ್ಸ್ ಸಿಟಿಯ ಸುತ್ತ ಏಳು ಅಪಾರ್ಟ್‌ಮೆಂಟು ಎಬ್ಬಿಸಿ, ಹೆಬ್ಬಗೋಡಿಯ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಇದ್ದಾರೆ. ಊರಿನಿಂದ ಐವತ್ತು ಕಿಲೊ ಬಿಳಿಜೋಳವನ್ನು ಬಸ್ಸಿನ ಮೇಲೆ ತರಿಸಿ, ಆ ಮನೆಯ ತಾರಸಿಯ ಮೇಲೆ ಒದ್ದೆ ಗೋಣಿಯಲ್ಲಿ ಮೊಳಕೆ ಕಟ್ಟಿ, ಒಣಗಿಸಿ ತಂದಿದ್ದಳಂತೆ. ಮನೆಯೊಡತಿ ಎರಡು ಸಲ ಜಗಳಕ್ಕೆ ಬಂದಿದ್ದಳಂತೆ. ಇದನ್ನೆಲ್ಲ ರಾಮಾಂಜಿನಪ್ಪ ಹೇಳತೊಡಗಿದಾಗ ಶ್ಯಾಮಸುಂದರರು ಕೈ ಎತ್ತಿ ತಡೆದರು.

"ಸಾಕು. ಮಾಲು ಮಾಡಿದವರ ಕಷ್ಟಸುಖ ಪರಿಶೀಲಕನ ಕಿವಿಗೆ ಬೀಳಬಾರದು."

"ಬಿದ್ದಾಯ್ತಲ್ಲಯ್ಯ, ಈಗ ಕಿವಿ ತೊಳ್ಕೋತೀಯಾ?"

ಮೇಜಿನ ಮೇಲೆ ನೂರು ಮಿಲಿಲೀಟರಿನ ಪುಟ್ಟ ಗಾಜಿನ ಲೋಟಗಳೂ ಕಾರ್ಡುಗಳೂ ಬಂದವು. ದಪ್ಪ ಕಾಗದ, ಐದು ಬಿಯರುಗಳ ಹೆಸರು, ಪ್ರತಿ ಹೆಸರಿನ ಮುಂದೆ ಒಂದರಿಂದ ಐದರವರೆಗಿನ ಅಂಕಿಗಳು. ತಮಗೆ ತೋರಿದ ಅಂಕಿಯ ಸುತ್ತ ವೃತ್ತ ಎಳೆಯಬೇಕು. ಶ್ಯಾಮಸುಂದರರು ಕನ್ನಡಕ ಏರಿಸಿ ಕಾರ್ಡನ್ನು ಎರಡೂ ಬದಿಗೆ ತಿರುಗಿಸಿ ನೋಡಿದರು.

"ಕ್ರಮಸಂಖ್ಯೆ ಇಲ್ಲ. ತಾರೀಖಿಲ್ಲ. ಸಹಿಗೆ ಜಾಗವಿಲ್ಲ. ಲೋಟಕ್ಕೆ ಗೆರೆಯೂ ಇಲ್ಲ. ಇದು ನೂರು ಮಿಲಿಲೀಟರ್ ಅಂತ ನಾನು ಯಾವ ಆಧಾರದ ಮೇಲೆ ನಂಬಲಿ?"

"ಸುಮಾರು ನೂರು ಇರುತ್ತೆ ಅಂಕಲ್" ಎಂದ ಲಿಖಿತ್, ತಿಳಿಯದೆ.

ಮುಂದಿನ ಕೆಲವು ನಿಮಿಷ ಲಿಖಿತನ ಪಾಲಿಗೆ ಸುಖದಾಯಕವಾಗಿರಲಿಲ್ಲ. ಕಡೆಗೆ ಕ್ರಮಸಂಖ್ಯೆ ಬರೆಯಲಾಯಿತು, ತಾರೀಖು ಹಾಕಲಾಯಿತು. ಪೆನ್ಸಿಲ್ ಕೂಡದು, ಶಾಯಿಯೇ ಆಗಬೇಕು. ಸಹಿ ಬಿದ್ದ ಕಾರ್ಡನ್ನು ಯಾವ ಕಾರಣಕ್ಕೂ ತಿದ್ದುವಂತಿಲ್ಲ. ಒಂದು ಬಿಯರಿಗೂ ಇನ್ನೊಂದಕ್ಕೂ ನಡುವೆ ನೀರು ಮುಕ್ಕಳಿಸಿ ನಾಲ್ಕು ಕಾಳು ಕಡಲೆಪುರಿ ತಿನ್ನಬೇಕು. ಸಹಿ ಹಾಕುವವರೆಗೆ ಪರಸ್ಪರ ಮಾತಿಲ್ಲ. ಕಾರ್ಡಿನಲ್ಲಿ ಇಷ್ಟೆಲ್ಲ ಹುಳುಕು ಹುಡುಕಿದ ಆ ಕಣ್ಣುಗಳು, ಒಂದು ಮೇಲೋ ಐದು ಮೇಲೋ ಎಂಬುದನ್ನು ಅದರಲ್ಲಿ ಎಲ್ಲಿಯೂ ಮುದ್ರಿಸಿಲ್ಲ ಎಂಬುದನ್ನು ಗಮನಿಸಲೇ ಇಲ್ಲ. ಒಂಬತ್ತು ಮಂದಿಯಲ್ಲಿ ಯಾರೂ ಗಮನಿಸಲಿಲ್ಲ. ಅವರಿಗೆ ಅದು ಸೂರ್ಯ ಯಾವ ಕಡೆ ಹುಟ್ಟುತ್ತಾನೆ ಎಂಬಷ್ಟು ತಿಳಿದ ಸಂಗತಿ. ಲಿಖಿತನಿಗೂ ಅಷ್ಟೇ ತಿಳಿದದ್ದು, ಆದರೆ ಅವನ ಸೂರ್ಯ ಹುಟ್ಟುವ ದಿಕ್ಕು ಬೇರೆ.

ಮೊದಲು ಗೋಧಿಯ ಬಿಯರು ಬಂತು. ಶುದ್ಧವಾಗಿತ್ತು, ಪ್ರಾಮಾಣಿಕವಾಗಿತ್ತು, ಸರ್ಕಾರಿ ಸುತ್ತೋಲೆಯಷ್ಟೇ ರುಚಿಯಾಗಿತ್ತು. ಶ್ಯಾಮಸುಂದರರು ಮೂರಕ್ಕೆ ವೃತ್ತ ಎಳೆದರು. ಎರಡನೆಯದು ಶುಂಠಿ-ನಿಂಬೆ. ಒಂದು ಗುಟುಕಿಗೇ ಬಾಲ್ಯದ ನೆಗಡಿ, ಅಜ್ಜಿಯ ಕಷಾಯ, ತಲೆಯ ಮೇಲಿನ ಕಂಬಳಿ ಎಲ್ಲವೂ ಒಟ್ಟಿಗೆ ನೆನಪಾದವು. ಔಷಧವಾಗಿ ಸರಿ, ಬಿಯರಾಗಿ ನಾಲ್ಕು. ಮೂರನೆಯದಾದ ಮಾವಿನ ಬಿಯರು ಮೇಜಿಗೆ ಬರುವ ಮುನ್ನವೇ ಅದರ ವಾಸನೆ ಬಂತು. ಮಕ್ಕಳಿಗೆ ಕುಡಿಸುವ ಟಾನಿಕ್ಕಿಗೆ ಊದುಬತ್ತಿ ಅದ್ದಿದ ಹಾಗಿತ್ತು. ರಾಮಾಂಜಿನಪ್ಪ ಮಾತಾಡುವಂತಿಲ್ಲದ ಕಾರಣ ಮೂಗು ಹಿಡಿದುಕೊಂಡು ಅಭಿಪ್ರಾಯ ಸೂಚಿಸಿದರು. ಶ್ಯಾಮಸುಂದರರು ಹಿಂದುಮುಂದು ನೋಡದೆ ಐದಕ್ಕೆ ವೃತ್ತ ಎಳೆದರು. ನಾಲ್ಕನೆಯ ಕಾಫಿ ಬಿಯರು ಕಪ್ಪಗೆ, ಗಂಭೀರವಾಗಿ, ಒಳ್ಳೆಯ ಕೆಲಸಗಾರ ಮಾಡಿದ್ದೆಂದು ಒಪ್ಪಲೇಬೇಕಾದಂತಿತ್ತು. ಎರಡು.

ಐದನೆಯದು ಜೋಳ. ತೆಳುವಾದ ಒಣಹುಲ್ಲಿನ ಬಣ್ಣ, ಬೆರಳಗಲದ ಬಿಗಿಯಾದ ನೊರೆ. ಮೂಗಿನ ಬಳಿ ತಂದಾಗ ಹಂಚಿನಿಂದ ಆಗತಾನೆ ಇಳಿಸಿದ ರೊಟ್ಟಿಯ ಪರಿಮಳ. ಗುಟುಕರಿಸಿದರೆ ಸಿಹಿ ಬಂದೆನೆಂದು ಹೇಳಿ ಬಾರದೆ ಹೋಗಿ, ಹಿತವಾದ ಕಹಿಯೊಂದನ್ನು ಬಿಟ್ಟು, ಬಾಯನ್ನು ಸ್ವಚ್ಛಗೊಳಿಸಿಕೊಂಡು ಹೊರಟುಹೋಯಿತು. ಶ್ಯಾಮಸುಂದರರು ಕಣ್ಣು ಮುಚ್ಚಿಕೊಂಡರು. ಮೂವತ್ತಾರು ವರ್ಷಗಳಲ್ಲಿ ಅವರು ಒಂದನೆಯ ಅಂಕ ಕೊಟ್ಟ ಸಂದರ್ಭಗಳು ಅತಿ ಕಡಿಮೆ. ಕೊಟ್ಟಾಗಲೆಲ್ಲ ಅದರ ಕೆಳಗೆ ಒಂದು ಗೆರೆ ಎಳೆಯುವುದು ಅವರ ಕ್ರಮ. ಒಂದಕ್ಕೆ ವೃತ್ತ ಎಳೆದರು. ಕೆಳಗೆ ಗೆರೆ ಎಳೆದರು. ಸಹಿ ಹಾಕಿದರು. ಗಾಜಿನಾಚೆ ನಿಂತಿದ್ದ ಮಹಾನಂದಾಳ ಕಡೆಗೆ ತಿರುಗಿ ತಲೆಯನ್ನೂ ಅರ್ಧ ಅಂಗುಲ ಬಾಗಿಸಿದರು. ಅದು ಅವರ ಮಟ್ಟಿಗೆ ಸನ್ಮಾನ ಸಮಾರಂಭ.

ಲಿಖಿತ್ ಕಾರ್ಡುಗಳನ್ನು ಒಟ್ಟುಗೂಡಿಸಿ ಫೋನಿನಲ್ಲಿ ಲೆಕ್ಕ ಹಾಕಿದ. ಹಾಕುತ್ತಾ ಹಾಕುತ್ತಾ ಅವನ ಮುಖ ಸಣ್ಣದಾಯಿತು. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದ: ಮಾವು ೪.೭೮. ಶುಂಠಿ-ನಿಂಬೆ ೩.೮೯. ಗೋಧಿ ೩. ಕಾಫಿ ೧.೭೮. ಜೋಳ ೧.೩೩.

"ಮಾವಿಂದು ಗೆದ್ದಿದೆ. ಥ್ಯಾಂಕ್ಸ್ ಅಂಕಲ್" ಎಂದ. ಆಮೇಲೆ ಗಾಜಿನ ಕಡೆಗೆ, ಸ್ವಲ್ಪ ತಗ್ಗಿದ ದನಿಯಲ್ಲಿ: "ಸಾರಿ ಮಹಾನಂದಾ. ನಂಗಂತೂ ಇಷ್ಟ ಆಗಿತ್ತು. ಜೋಳದ ಟ್ಯಾಂಕ್ ಚರಂಡಿಗೆ ಬಿಟ್ಬಿಡು."

ಅವಳು ಹಲಗೆಯನ್ನು ಒಮ್ಮೆ ನೋಡಿದಳು, ಶ್ಯಾಮಸುಂದರರನ್ನು ಒಮ್ಮೆ ನೋಡಿದಳು. ತಲೆ ಬಾಗಿಸಿಯೂ ಕಡಿಮೆ ಅಂಕ ಕೊಟ್ಟ ಅಜ್ಜನನ್ನು ಏನೆಂದು ತಿಳಿಯಬೇಕೋ ಗೊತ್ತಾಗದೆ ಟ್ಯಾಂಕಿನ ಕಡೆಗೆ ತಿರುಗಿದಳು.

ಮೇಜಿನ ಸುತ್ತ ಕೋಲಾಹಲ ಎದ್ದಿತು.

"ಏನಯ್ಯ ಇದು! ಟಾನಿಕ್ಕಿಗೆ ಫಸ್ಟಾ?" ರಾಮಾಂಜಿನಪ್ಪ ಕುರ್ಚಿ ತಳ್ಳಿ ಎದ್ದರು.

ಶ್ಯಾಮಸುಂದರರು ಅವರಿಗಿಂತ ನಿಧಾನವಾಗಿ ಎದ್ದರು. ಅದರಿಂದಾಗಿ ಹೆಚ್ಚು ಭಯಂಕರವಾಗಿ ಕಂಡರು. "ಈ ಫಲಿತಾಂಶ ಸುಳ್ಳು. ನಾವು ಒಂಬತ್ತು ಜನ ಶಾಯಿಯಲ್ಲಿ ಬರೆದು ಸಹಿ ಹಾಕಿದ್ದನ್ನ ನೀವು ತಿದ್ದಿದ್ದೀರಿ. ಆ ಮಾವಿನ ಬಿಯರು ಯಾರಿಗೋ ಗೆಲ್ಲಬೇಕಾಗಿತ್ತು, ಗೆಲ್ಲಿಸಿದ್ದೀರಿ. ನನ್ನ ಇಡೀ ಸೇವಾವಧಿಯಲ್ಲಿ ಇಂಥ ಮೋಸ ನೋಡಿಲ್ಲ!"

ಲಿಖಿತನ ಕಿವಿ ಕೆಂಪಾಯಿತು. "ಅಂಕಲ್, ಬಿಟ್ಟಿ ಬಿಯರ್ ಕೊಟ್ಟು ಮೋಸಗಾರ ಅನ್ಸ್ಕೋಬೇಕಾ ನಾನು? ತಗೊಳ್ಳಿ ಕಾರ್ಡು. ನೀವೇ ಕೂಡಿ."

ಶ್ಯಾಮಸುಂದರರು ಕೂತು ಕೂಡಿದರು. ಮಾವು: ಏಳು ಐದು, ಎರಡು ನಾಲ್ಕು, ಒಟ್ಟು ನಲವತ್ತಮೂರು, ಒಂಬತ್ತರಿಂದ ಭಾಗಿಸಿದರೆ ನಾಲ್ಕು ಬಿಂದು ಏಳು ಎಂಟು. ಎರಡನೆಯ ಸಲ ಕೂಡಿದರು. ಮೂರನೆಯ ಸಲ ಕೆಳಗಿನಿಂದ ಮೇಲಕ್ಕೆ ಕೂಡಿದರು. ಲೆಕ್ಕ ಅಲುಗಲಿಲ್ಲ. ಶಾಯಿ ಅಸಲಿ, ಸಹಿಗಳು ಅಸಲಿ.

"ನಂದು ನೋಡು, ನಂದು ನೋಡು" ಎಂದು ರಾಮಾಂಜಿನಪ್ಪ ತಮ್ಮ ಕಾರ್ಡನ್ನು ಎಳೆದುಕೊಂಡರು. "ಮಾವಿಂದಕ್ಕೆ ಐದು ಅಂತ ಗುಂಡಗೆ ಆಕಿವ್ನಿ. ಗುಜರಿಗೆ ಆಕಯ್ಯ ಅಂತ ಅದಕ್ಕಿಂತ ಚೆನ್ನಾಗಿ ಎಂಗೆ ಏಳ್ಲಿ?"

"ಗುಜರಿಗಾ?" ಲಿಖಿತ್ ಎರಡು ಹೆಜ್ಜೆ ಹತ್ತಿರ ಬಂದ. "ಐದು ಅಂದ್ರೆ ಫೈವ್ ಸ್ಟಾರ್ ಅಲ್ವಾ ಅಂಕಲ್? ಸೂಪರ್ ಅಂತ?"

ಒಂಬತ್ತು ಕನ್ನಡಕಗಳು ನಿಧಾನವಾಗಿ ಹಲಗೆಯ ಕಡೆಗೆ ಹೊರಳಿದವು. ಅದೇ ಹೊತ್ತಿಗೆ ಗಾಜಿನಾಚೆಯಿಂದ ದ್ರವ ನೆಲಕ್ಕೆ ಬೀಳುವ ಸದ್ದು ಕೇಳಿಸಿತು.

ಎಪ್ಪತ್ತನಾಲ್ಕರ ದೇಹ ಓಡಬಲ್ಲದೆಂದು ಶ್ಯಾಮಸುಂದರರಿಗೂ ಅದುವರೆಗೆ ತಿಳಿದಿರಲಿಲ್ಲ. ಗಾಜಿನ ಬಾಗಿಲು ನೂಕಿ ಒಳಗೆ ನುಗ್ಗಿದರು. "ನಿಲ್ಲಿಸಮ್ಮಾ! ನಿಲ್ಲಿಸು!"

"ಅಜ್ಜಾರ, ಬೂಟ್ ಇಲ್ದ ಒಳಗ ಬರಬ್ಯಾಡ್ರಿ, ಜಾರ್ತೈತಿ!"

"ಬೂಟಿದೆ!"

"ಆ ಬೂಟಲ್ರೀ!"

ಹೊಳಪಿನ ಬೂಟು ಜಾರಿತು. ಅವರು ಟ್ಯಾಂಕಿನ ಕಾಲನ್ನು ತಬ್ಬಿ ಹಿಡಿದು ನಿಂತರು. ಕಾಲುಚೀಲದೊಳಕ್ಕೆ ಜೋಳದ ಬಿಯರು ತಣ್ಣಗೆ ಇಳಿಯಿತು. ಮಹಾನಂದಾ ಗಾಬರಿಯಿಂದ ನಲ್ಲಿಯನ್ನು ತಿರುಗಿಸಿ ಮುಚ್ಚಿದಳು.

"ಎಷ್ಟು ಹೋಯಿತು?" ಏದುಸಿರಿನ ನಡುವೆ ಅವರು ಕೇಳಿದರು.

"ಎರಡು ಬಕೀಟ ಹೋಗಿರಬೇಕ್ರಿ."

"ಎಷ್ಟು ಲೀಟರಿನ ಬಕೀಟು?"

ಅವಳು ಅವರನ್ನೇ ನೋಡಿದಳು. ಇಂಥ ಮನುಷ್ಯನನ್ನು ಅವಳು ಸಿಂದಗಿಯಲ್ಲಿಯೂ ಕಂಡಿರಲಿಲ್ಲ, ಹೆಬ್ಬಗೋಡಿಯಲ್ಲಿಯೂ ಕಂಡಿರಲಿಲ್ಲ.

ವಿಷಯ ತಿಳಿಯಾದಾಗ ಲಿಖಿತ್ ಮೊದಲು ನಕ್ಕ, ಆಮೇಲೆ ನಗು ತಡೆಯಲಾರದೆ ಕುರ್ಚಿಗೆ ಒರಗಿದ. ರಾಮಾಂಜಿನಪ್ಪ ಮಾತ್ರ ಗೆಳೆಯನನ್ನು ಪಕ್ಕಕ್ಕೆ ಎಳೆದುಕೊಂಡು ಕಿವಿಯಲ್ಲಿ ಹೇಳಿದರು: "ಸುಮ್ಕಿರು. ಯಾವ್ ಕಡೆ ಚಂದ ಯಾವ್ ಕಡೆ ಕೆಟ್ಟದ್ದು ಅಂತ ಕಾರ್ಡಿನಾಗೆ ಬರ್ದಿಲ್ವಲ್ಲ. ತಪ್ಪು ಅವಂದೇ ಅನ್ನು."

"ಬರೆದಿರಲಿಲ್ಲ, ನಿಜ. ಬರೆದಿಲ್ಲದ್ದನ್ನ ಕೇಳಬೇಕಾದವನು ಯಾರು?" ಶ್ಯಾಮಸುಂದರರು ಗಟ್ಟಿಯಾಗಿಯೇ ಹೇಳಿದರು. "ಕ್ರಮಸಂಖ್ಯೆ ಕೇಳಿದೆ, ತಾರೀಖು ಕೇಳಿದೆ, ಮುಖ್ಯವಾದದ್ದನ್ನ ಕೇಳಲಿಲ್ಲ. ಮೇಲಾಗಿ ಈ ಹುಡುಗನನ್ನ ಮೋಸಗಾರ ಅಂದೆ."

ಒಂದು ಖಾಲಿ ಕಾರ್ಡು ತೆಗೆದುಕೊಂಡು, ನಿಂತೇ, ಅದರ ಬೆನ್ನ ಮೇಲೆ ಬರೆದರು: 'ಈ ದಿನದ ಫಲಿತಾಂಶವು ಪರಿಶೀಲಕನ ದೋಷದಿಂದ ಅಸಿಂಧುವಾಗಿದೆ. ಮಾಲೀಕರ ಮೇಲೆ ಹೊರಿಸಿದ ಆರೋಪವನ್ನು ಹಿಂತೆಗೆದುಕೊಳ್ಳಲಾಗಿದೆ.' ಕೆಳಗೆ ಸಹಿ, ತಾರೀಖು, ವೇಳೆ. ಮೂವತ್ತಾರು ವರ್ಷಗಳಲ್ಲಿ 'ಪರಿಶೀಲಕನ ದೋಷ' ಎಂಬ ಪದಗಳನ್ನು ಇತರರ ಕಡತಗಳಲ್ಲಿ ಅವರು ಹನ್ನೊಂದು ಬಾರಿ ಬರೆದಿದ್ದರು. ತಮ್ಮ ಹೆಸರಿನ ಮೇಲೆ ಇದೇ ಮೊದಲು. ಬರೆದ ಅಕ್ಷರ ಎಂದಿನಷ್ಟು ದುಂಡಗಿರಲಿಲ್ಲ.

"ಬಿಡಿ ಅಂಕಲ್, ಪರವಾಗಿಲ್ಲ" ಎಂದ ಲಿಖಿತ್, ಕಾರ್ಡನ್ನು ಓದಿ, ನಗುವನ್ನು ನಿಲ್ಲಿಸಿ. "ಸಿಂಪಲ್. ಎಲ್ಲ ನಂಬರನ್ನೂ ಉಲ್ಟಾ ಮಾಡಿದ್ರೆ ಆಯ್ತು. ಒಂದು ಐದಾಗುತ್ತೆ, ಐದು ಒಂದಾಗುತ್ತೆ. ಜೋಳಕ್ಕೆ ನಾಲ್ಕು ಪಾಯಿಂಟ್ ಆರು ಏಳು. ಮಹಾನಂದಾ, ಗೆದ್ದೆ!"

ಮಹಾನಂದಾ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು.

"ಹಾಗೆ ಮಾಡುವಂತಿಲ್ಲ" ಎಂದರು ಶ್ಯಾಮಸುಂದರ.

ಎಂಟು ಜನ ನಿವೃತ್ತರು ಒಟ್ಟಿಗೆ ನಿಟ್ಟುಸಿರಿಟ್ಟರು. ಅವರಿಗೆ ಮುಂದಿನದು ಗೊತ್ತಿತ್ತು.

"ಸಹಿ ಬಿದ್ದ ಅಂಕವನ್ನ ಮಾಲೀಕರು ಉಲ್ಟಾ ಮಾಡಿದರು ಅಂತ ನಾಳೆ ಗ್ರಾಹಕರೊಬ್ಬರು ಅಂದರೆ ಏನು ಉತ್ತರ? ಅಸಿಂಧುವಾದ ಫಲಿತಾಂಶಕ್ಕೆ ಇರೋದು ಒಂದೇ ದಾರಿ, ಮರುಪರಿಶೀಲನೆ. ಹೊಸ ಕಾರ್ಡು, ಐದು ಅತ್ಯುತ್ತಮ ಅಂತ ಮೇಲೆ ಬರೆದಿರಬೇಕು. ಬಿಯರಿಗೆ ಹೆಸರಿರಬಾರದು, ಬರೀ ಅಕ್ಷರ. ಯಾವ ಅಕ್ಷರ ಯಾವುದು ಅಂತ ನಿಮಗೊಬ್ಬರಿಗೇ ಗೊತ್ತಿರಬೇಕು."

"ಲೋ ಪುಣ್ಯಾತ್ಮ! ಮಗು ಗೆದ್ದೈತೆ, ಬುಡು!" ಎಂದರು ರಾಮಾಂಜಿನಪ್ಪ.

"ಮತ್ತೊಮ್ಮೆ ಯಾಕ್ರಿ?" ಮಹಾನಂದಾಳ ದನಿ ಏರಿತು. "ಮೊದಲ ನಿಮ್ಮ ತಪ್ಪಿನ್ಯಾಗ ಸೋತೆ. ಈಗ ಗೆದ್ರೂ ನೀವ ಬ್ಯಾಡ ಅಂತೀರಿ. ಏನ್ ಮಾಡೀನ್ರಿ ನಿಮಗ ನಾ?"

ಶ್ಯಾಮಸುಂದರರಲ್ಲಿ ಉತ್ತರವಿತ್ತು, ಆದರೆ ಅದನ್ನು ಅವಳ ಮುಖ ನೋಡಿಕೊಂಡು ಹೇಳುವುದು ಕಷ್ಟವಾಯಿತು. "ನೀನು ಗೆದ್ದಿದ್ದು ನಮ್ಮ ತಪ್ಪು ತಿದ್ದಿದ್ದರಿಂದ ಅಂತ ಆಗಬಾರದಮ್ಮ. ಬಿಯರ್ ಚೆನ್ನಾಗಿದ್ದದ್ದರಿಂದ ಅಂತ ಆಗಬೇಕು."

ಅವಳು ಒಂದು ಕ್ಷಣ ಟ್ಯಾಂಕಿನ ಕಡೆ ನೋಡಿದಳು. ತಾರಸಿ, ಗೋಣಿ, ಮನೆಯೊಡತಿಯ ಬೈಗುಳ ಎಲ್ಲವೂ ಆ ಟ್ಯಾಂಕಿನಲ್ಲಿದ್ದವು. ಒದ್ದೆ ಕೈಗಳನ್ನು ಒರೆಸಿಕೊಂಡಳು. "ಹೂಂ, ಮಾಡ್ರಿ. ಒಮ್ಮೆ ಗೆದ್ದದ್ದು ಇನ್ನೊಮ್ಮೆ ಗೆಲ್ಲಂಗಿಲ್ಲೇನು?"

ಅಡುಗೆಮನೆಯಿಂದ ಸ್ಟೀಲ್ ಲೋಟಗಳು ಬಂದವು. ಈ ಸಲ ಒಂದೊಂದು ಲೋಟಕ್ಕೆ ಎರಡೇ ಗುಟುಕು. ಹೆಸರಿಲ್ಲದ ಪರೀಕ್ಷೆಯೆಂದು ಕರೆದರೂ ಅದು ಪೂರ್ಣ ಹೆಸರಿಲ್ಲದ್ದಾಗಿರಲಿಲ್ಲವೆಂಬುದನ್ನು ದಾಖಲಿಸಬೇಕು: ಮಾವು ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿತ್ತು, ಕಾಫಿಯನ್ನು ಮರೆಮಾಚುವ ಲೋಟ ಇನ್ನೂ ತಯಾರಾಗಿಲ್ಲ. 'ಇ' ಅಕ್ಷರದ ಲೋಟ ಎತ್ತಿದೊಡನೆ ಶ್ಯಾಮಸುಂದರರಿಗೆ ರೊಟ್ಟಿಯ ಪರಿಮಳ ತಾಗಿತು. ಅವರಿಗೆ ಗೊತ್ತಾಯಿತು. ತಮಗೆ ಗೊತ್ತಾಗಿದೆ ಎಂಬುದರಿಂದಲೇ ಅವರಿಗೆ ಕಸಿವಿಸಿಯಾಯಿತು.

ಐದಕ್ಕೆ ವೃತ್ತ ಎಳೆದರೆ ಬೆಳಗಿನಿಂದ ಆದ ಅನ್ಯಾಯವೆಲ್ಲ ಒಂದೇ ಗೆರೆಯಲ್ಲಿ ಸರಿಹೋಗುತ್ತಿತ್ತು. ಪೆನ್ನು ಐದರ ಮೇಲೆ ನಿಂತೂ ಆಗಿತ್ತು. ಆದರೆ ಎರಡನೆಯ ಗುಟುಕು ನುಂಗಿದ ಮೇಲೆ ನಾಲಿಗೆಯ ಹಿಂಬದಿಯಲ್ಲಿ ಏನೋ ಉಳಿಯಿತು. ತೆಳುವಾದ ಒಗರು, ಎಳೆಯ ಬಾಳೆಕಾಯಿಯ ಸಿಪ್ಪೆ ತಾಗಿಸಿದಷ್ಟು. ಮೊದಲ ಸಲ ಪರಿಮಳಕ್ಕೆ ಮರುಳಾಗಿ ಅದನ್ನು ಗಮನಿಸಿರಲಿಲ್ಲ. ಅದು ಆ ದಿನದ ಎರಡನೆಯ 'ಪರಿಶೀಲಕನ ದೋಷ'. ಪೆನ್ನು ಒಂದು ಅಂಕಿ ಹಿಂದಕ್ಕೆ ಸರಿಯಿತು. ನಾಲ್ಕು. ವೃತ್ತ ಎಳೆಯುವಾಗ ಅವರು ಗಾಜಿನ ಕಡೆ ನೋಡಲಿಲ್ಲ.

ಈ ಸಲ ಲಿಖಿತ್ ಒಂದೊಂದೇ ಕಾರ್ಡನ್ನು ಗಟ್ಟಿಯಾಗಿ ಓದಿದ. ಮಾವು ಮೂರನೆಯ ಕಾರ್ಡಿಗೇ ಕೆಳಗೆ ಕೂತಿತು. ಸ್ಪರ್ಧೆ ಉಳಿದದ್ದು ಕಾಫಿಗೂ ಜೋಳಕ್ಕೂ. ಎಂಟು ಕಾರ್ಡು ಮುಗಿದಾಗ ಜೋಳ ಮೂವತ್ತನಾಲ್ಕು, ಕಾಫಿ ಮೂವತ್ತಮೂರು. ಒಂಬತ್ತನೆಯದು ಶ್ಯಾಮಸುಂದರರ ಕಾರ್ಡು.

"ಕಾಫಿ, ನಾಲ್ಕು" ಎಂದ ಲಿಖಿತ್. "ಜೋಳ..."

"ಬೇಗ ಓದಪ್ಪ, ನಂಗೆ ಬಿಪಿ ಐತೆ" ಎಂದರು ರಾಮಾಂಜಿನಪ್ಪ.

"ನಾಲ್ಕು. ಮೂವತ್ತೆಂಟಕ್ಕೆ ಮೂವತ್ತೇಳು. ಜೋಳ!"

ಎಂಟು ಮುದುಕರು ಮೇಜು ಗುದ್ದಿದ ರಭಸಕ್ಕೆ ಕಡಲೆಪುರಿ ಹಾರಿತು. ಮಹಾನಂದಾ ಲಿಖಿತನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು ಹಲಗೆಯ ಮೇಲೆ ಉದ್ದಕ್ಕೂ 'ಬಿಳಿಜೋಳ' ಎಂದು ಬರೆದಳು. ಅಂಕಿಯನ್ನು ಬರೆಯುವ ಗೋಜಿಗೆ ಹೋಗಲಿಲ್ಲ. ಆಮೇಲೆ ನೇರವಾಗಿ ಶ್ಯಾಮಸುಂದರರ ಮುಂದೆ ಬಂದು ನಿಂತಳು.

"ಅಜ್ಜಾರ, ಬೆಳಿಗ್ಗೆ ಕುಂದಿಲ್ಲ ಅಂದ್ರಿ. ಈಗ ಒಂದು ಯಾಕ ಕಡಿಮಿ ಮಾಡಿದ್ರಿ?"

"ಒಗರು. ನುಂಗಿದ ಮೇಲೆ, ನಾಲಿಗೆಯ ಹಿಂದೆ."

ಅವಳು ಜಗಳಕ್ಕೆ ಬಾಯಿ ತೆರೆದು, ಮುಚ್ಚಿ, ತಗ್ಗಿದ ದನಿಯಲ್ಲಿ ಒಪ್ಪಿಕೊಂಡಳು. "ಯಾರಿಗೂ ತಿಳಿಯಂಗಿಲ್ಲ ಅನ್ಕೊಂಡಿದ್ದೆ. ರಸ ತೆಗದ ಮ್ಯಾಲ ಕಾಳಿನ ಮ್ಯಾಲ ಬಿಸಿನೀರು ಹಾಕ್ತೀವ್ರಿ. ನೀರಿನ ಬಿಸಿ ಹೆಚ್ಚಾದ್ರ ಸಿಪ್ಪಿ ಒಗರು ಬಿಡ್ತೈತಿ. ಆದ್ರ ನಾ ಎಪ್ಪತ್ತಾರು ಡಿಗ್ರಿ ದಾಟಿಸಿಲ್ರಿ. ಥರ್ಮಾಮೀಟರಿನ ಮುಳ್ಳು ನೋಡ್ಕೋತ ನಿಂತಿದ್ದೆ. ಆದ್ರೂ ಎಲ್ಲಿಂದ ಬಂತೋ."

"ಆ ಮುಳ್ಳನ್ನ ಕೊನೆಯದಾಗಿ ಪರೀಕ್ಷೆ ಮಾಡಿದ್ದು ಯಾವಾಗ?"

"ಮುಳ್ಳನ್ನ ಪರೀಕ್ಷಾ ಮಾಡ್ತಾರೇನ್ರಿ?"

ಶ್ಯಾಮಸುಂದರರು ಎದ್ದು ನಿಂತರು. ಬಾರಿನಿಂದ ಒಂದು ಜಗ್ಗು ಪುಡಿ ಮಾಡಿದ ಮಂಜುಗಡ್ಡೆ ತರಿಸಿ, ಮುಳುಗುವಷ್ಟು ನೀರು ಹಾಕಿ ಕಲಕಿದರು. ಟ್ಯಾಂಕಿನ ಕೋಣೆಗೆ ಹೋಗಲು ಮಹಾನಂದಾ ಅವರಿಗೊಂದು ಜೊತೆ ರಬ್ಬರ್ ಬೂಟು ಕೊಟ್ಟಳು; ಒಂದು ಅಳತೆ ದೊಡ್ಡದಾಗಿತ್ತು, ಅದನ್ನು ಅವರು ಹೇಳಿಯೇ ತೊಟ್ಟರು. ಅವಳು ಕುದಿಪಾತ್ರೆಯ ಥರ್ಮಾಮೀಟರನ್ನು ಬಿಚ್ಚಿ ಕೊಟ್ಟಳು. ಅದರ ಕಡ್ಡಿಯನ್ನು ಅವರು ಮಂಜಿನ ನೀರಿನಲ್ಲಿ ಅದ್ದಿ, ಗಡಿಯಾರ ನೋಡಿಕೊಂಡು ಪೂರಾ ಮೂರು ನಿಮಿಷ ಹಿಡಿದರು. ಇಬ್ಬರೂ ಬಗ್ಗಿ ನೋಡಿದರು. ಸೊನ್ನೆಯಲ್ಲಿ ನಿಲ್ಲಬೇಕಾಗಿದ್ದ ಮುಳ್ಳು ಸೊನ್ನೆಯನ್ನು ದಾಟಿ ಮೂರು ಗೆರೆ ಕೆಳಗೆ ಹೋಗಿ ಕೂತಿತ್ತು.

"ಮೂರು ಕಡಿಮೆ ತೋರಿಸ್ತಿದೆ. ನೀನು ಎಪ್ಪತ್ತಾರು ಅಂದುಕೊಂಡಾಗ ನೀರು ಎಪ್ಪತ್ತೊಂಬತ್ತಿತ್ತು."

ಮಹಾನಂದಾಳ ಮುಖ ಅರಳಿತು. "ಅಂದ್ರ ತಪ್ಪು ನಂದಲ್ರಿ!"

"ಮುಳ್ಳನ್ನ ನಂಬಿದ್ದು ನಿಂದೇ" ಎಂದರು ಶ್ಯಾಮಸುಂದರ.

ಅವಳು ಸೊಂಟದ ಮೇಲೆ ಕೈಯಿಟ್ಟು ಅವರನ್ನು ದುರುಗುಟ್ಟಿ ನೋಡಿದಳು. ಆಮೇಲೆ ಗಾಜಿನ ಬಾಗಿಲು ತೆರೆದು ಲಿಖಿತನಿಗೆ ಕೇಳುವಂತೆ ಕೂಗಿದಳು: "ಲಿಖಿತ್ ಸರ, ಬ್ರೂವರ್ ಹೇಳಾಕತ್ತೀನಿ ಕೇಳ್ರಿ. ಹೊಸ ಥರ್ಮಾಮೀಟರ್ ಬರೂತನಕ ಇಲ್ಲಿ ಒಲಿ ಹಚ್ಚೂದಿಲ್ಲ!"